ಒಂಬತ್ತನೆಯ ತರಗತಿಯ ಐಚ್ಛಿಕ ವಿಷಯ: ಚಿತ್ರಕಲೆಯೋ, ಹೊಲಿಗೆಯೋ, ಕಂಪ್ಯೂಟರೋ?

ಎಂಟನೆಯ ತರಗತಿ ಮುಗಿಸಿದ ಮಗುವಿಗೆ ಶಾಲೆಯವರು ಕೊಡುವ ಅರ್ಜಿಯಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಲ್ಲವೂ ಮೊದಲೇ ಅಚ್ಚಾಗಿರುತ್ತವೆ. ಮಗು ತಾನಾಗಿ ಆರಿಸಿಕೊಳ್ಳಬಹುದಾದ ವಿಷಯಕ್ಕೆ ಕೊನೆಯಲ್ಲಿ ಒಂದೇ ಒಂದು ಖಾಲಿ ಸಾಲು ಇರುತ್ತದೆ. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ ಪ್ರತಿ ವರ್ಷ ಜೂನ್ ತಿಂಗಳಲ್ಲಿ ದಾಖಲಾತಿಯ ಮೇಜಿನ ಹಿಂದೆ ಕುಳಿತು ನಾನು ಕಂಡಂತೆ, ಆ ಸಾಲು ತುಂಬುವುದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. 'ಯಾವುದರಲ್ಲಿ ಅಂಕ ಜಾಸ್ತಿ ಬರುತ್ತೆ ಸಾರ್' ಎಂದು ಪೋಷಕರು ಕೇಳುತ್ತಾರೆ, ನಾವು ಒಂದು ಹೆಸರು ಹೇಳುತ್ತೇವೆ, ಪಕ್ಕದಲ್ಲಿ ನಿಂತ ಮಗು ಗೋಡೆ ನೋಡುತ್ತಿರುತ್ತದೆ. ಆ ಎರಡು ನಿಮಿಷವನ್ನು ಎರಡು ದಿನ ಮಾಡಿಕೊಳ್ಳುವವರಿಗಾಗಿ ಈ ಬರಹ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿಷಯದ ಹೆಸರನ್ನು ನೋಡಿ ಆರಿಸುವುದಕ್ಕಿಂತ, ಆ ವಿಷಯದ ಅವಧಿಯಲ್ಲಿ ವಾರಕ್ಕೆ ಎಷ್ಟು ಹೊತ್ತು ಮಗುವಿನ ಕೈಯಲ್ಲಿ ಸಾಮಾನು ಇರುತ್ತದೆ ಎಂಬುದನ್ನು ನೋಡಿ ಆರಿಸುವುದು ಒಳ್ಳೆಯದು.

ಮೊದಲು, ಯಾವುದರ ಬದಲಿಗೆ ಯಾವುದು

ಹೋಲಿಕೆಗೆ ಇಳಿಯುವ ಮುನ್ನ ನಿಮ್ಮ ಮಗು ಓದುವ ಮಂಡಳಿಯಲ್ಲಿ ಈ ವಿಷಯಗಳ ಸ್ಥಾನ ಏನು ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಹೆಸರು ಒಂದೇ ಆದರೂ ಅಂಕಪಟ್ಟಿಯಲ್ಲಿ ಅದರ ತೂಕ ಬೇರೆ ಬೇರೆ.

ರಾಜ್ಯ ಪಠ್ಯಕ್ರಮದ ಆಯ್ದ ಪ್ರೌಢಶಾಲೆಗಳಲ್ಲಿ 'ಎನ್‌ಎಸ್‌ಕ್ಯೂಎಫ್' ಎಂದು ಕರೆಯುವ ವೃತ್ತಿ ವಿಷಯಗಳಿವೆ: ಮಾಹಿತಿ ತಂತ್ರಜ್ಞಾನ, ರಿಟೇಲ್ (ಅಂಗಡಿ ವ್ಯಾಪಾರ), ಆಟೊಮೊಬೈಲ್, ಆರೋಗ್ಯ ಸೇವೆ, ಸೌಂದರ್ಯ ಮತ್ತು ಸ್ವಾಸ್ಥ್ಯ, ಉಡುಪು ತಯಾರಿಕೆ, ಎಲೆಕ್ಟ್ರಾನಿಕ್ಸ್ ಮತ್ತು ಹಾರ್ಡ್‌ವೇರ್ ಇತ್ಯಾದಿ. ಒಂದು ಶಾಲೆಯಲ್ಲಿ ಇಷ್ಟೂ ಇರುವುದಿಲ್ಲ. ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ. ಇವು ತೃತೀಯ ಭಾಷೆಯ ಜಾಗದಲ್ಲಿ ಬರುತ್ತವೆ, ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ದಿನವೇ ಇವುಗಳ ಪರೀಕ್ಷೆಯೂ ನಡೆಯುತ್ತದೆ. ಅಂದರೆ ಕನ್ನಡ ಮಾಧ್ಯಮದ ಮಗು ಆಟೊಮೊಬೈಲ್ ಹಿಡಿದರೆ ಸಾಮಾನ್ಯವಾಗಿ ಹಿಂದಿಯನ್ನು ಬಿಡುತ್ತದೆ. ಇದು ಲಾಭವೂ ಹೌದು, ನಷ್ಟವೂ ಹೌದು. ಹಿಂದಿಯಲ್ಲಿ ತಡವರಿಸುವ ಮಗುವಿಗೆ ದೊಡ್ಡ ಭಾರವೊಂದು ಇಳಿದಂತಾಗುತ್ತದೆ. ಆದರೆ ತಂದೆಗೆ ಹೊರರಾಜ್ಯಕ್ಕೆ ವರ್ಗವಾಗುವ ಸಂಭವವಿದ್ದರೆ, ಅಥವಾ ಪಿಯುಸಿಯಲ್ಲಿ ಹಿಂದಿಯನ್ನು ಒಂದು ಭಾಷೆಯಾಗಿ ತೆಗೆದುಕೊಳ್ಳುವ ಯೋಚನೆಯಿದ್ದರೆ ಎರಡು ವರ್ಷದ ಅಂತರ ಕಾಡುತ್ತದೆ. ವೃತ್ತಿ ವಿಷಯ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಈ ಲೆಕ್ಕವನ್ನು ಬಿಡಬಾರದು.

ಚಿತ್ರಕಲೆ, ಸಂಗೀತ, ಹೊಲಿಗೆ ಇವು ರಾಜ್ಯ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರು, ಸಂಗೀತದ ಟೀಚರು, ಹೊಲಿಗೆ ಟೀಚರು ಇರುವ ಕಡೆ ಮಾತ್ರ ಜೀವಂತವಾಗಿರುವ ವಿಷಯಗಳು. ಇವುಗಳಿಗೆ ಸಿಗುವುದು ಶ್ರೇಣಿಯೇ ಹೊರತು 625ರ ಮೊತ್ತಕ್ಕೆ ಸೇರುವ ಅಂಕವಲ್ಲ. ಆದ ಕಾರಣ ಇಲ್ಲಿ 'ಆಯ್ಕೆ' ಎಂದರೆ ಅರ್ಜಿಯ ಸಾಲು ತುಂಬುವುದಕ್ಕಿಂತ ಹೆಚ್ಚಾಗಿ, ಶಾಲೆಯ ಹೊರಗಿನ ಪರೀಕ್ಷೆಗೆ ಕೂರುವ ನಿರ್ಧಾರ. ಚಿತ್ರಕಲೆಗೆ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಸಂಗೀತ, ನೃತ್ಯ, ತಾಳವಾದ್ಯಗಳಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿವೆ.

ಸಿಬಿಎಸ್‌ಇಯಲ್ಲಿ ಲೆಕ್ಕ ನೇರವಾಗಿದೆ. ಮಾಹಿತಿ ತಂತ್ರಜ್ಞಾನಕ್ಕೆ 50 ಅಂಕ ಬರವಣಿಗೆ, 50 ಅಂಕ ಪ್ರಾಯೋಗಿಕ. ಚಿತ್ರಕಲೆಗೆ ಬರವಣಿಗೆ 30, ಉಳಿದ 70 ಕೈಕೆಲಸಕ್ಕೆ. ಗೃಹ ವಿಜ್ಞಾನಕ್ಕೆ ಇದು ತಲೆಕೆಳಗು: ಬರವಣಿಗೆ 70, ಪ್ರಾಯೋಗಿಕ 30. ಅಡುಗೆ, ಹೊಲಿಗೆ ಕಲಿಯಲೆಂದು ಗೃಹ ವಿಜ್ಞಾನ ಹಿಡಿದ ಮಗು ವರ್ಷದುದ್ದಕ್ಕೂ ಪೋಷಕಾಂಶಗಳ ಪಟ್ಟಿ ಬರೆಯುತ್ತ ಕುಳಿತಾಗ ಬೇಸರವಾಗದಿರಬೇಕಾದರೆ ಈ ಅಂಕಿಗಳು ಮೊದಲೇ ಗೊತ್ತಿರಬೇಕು. ಆರನೆಯ ವಿಷಯವಾಗಿ ಮಾಹಿತಿ ತಂತ್ರಜ್ಞಾನ, ರಿಟೇಲ್‌ನಂಥ ಕೌಶಲ ವಿಷಯವೊಂದನ್ನು ಪಾಸು ಮಾಡಿಕೊಂಡವರು ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಒಂದರಲ್ಲಿ ಅನುತ್ತೀರ್ಣರಾದರೆ, ಫಲಿತಾಂಶದಲ್ಲಿ ಕೌಶಲ ವಿಷಯವನ್ನು ಅದರ ಬದಲಿಗೆ ಪರಿಗಣಿಸುವ ಏರ್ಪಾಡೂ ಇದೆ. ಆಸರೆಗೋಲಾಗಿ ಇದು ಒಳ್ಳೆಯದು, ಆದರೆ ಮುಂದೆ ವಿಜ್ಞಾನ ಓದಬೇಕೆನ್ನುವ ಮಗುವಿಗೆ ಗಣಿತದ ಜಾಗವನ್ನು ರಿಟೇಲ್ ತುಂಬಿಕೊಡಲಾರದು. ಐಸಿಎಸ್‌ಇಯ ಮೂರನೆಯ ಗುಂಪಿನ ವಿಷಯಗಳಲ್ಲಿ ಅರ್ಧದಷ್ಟು ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ ಮೀಸಲು. ಕಲೆ, ಅಡುಗೆ, ಫ್ಯಾಷನ್ ವಿನ್ಯಾಸ, ತಾಂತ್ರಿಕ ರೇಖಾಚಿತ್ರ, ಕಂಪ್ಯೂಟರ್ ಎಲ್ಲವೂ ಆ ಗುಂಪಿನಲ್ಲಿವೆ. ಪಟ್ಟಿ ಉದ್ದವಾಗಿದ್ದರೂ ಬಹುತೇಕ ಶಾಲೆಗಳು ಕಂಪ್ಯೂಟರಿನ ಜೊತೆಗೆ ಇನ್ನೊಂದನ್ನಷ್ಟೇ ಇಟ್ಟಿರುತ್ತವೆ.

ಚಿತ್ರಕಲೆ ಮತ್ತು ಹೊಲಿಗೆ

ಈ ಎರಡನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಕಾರಣವಿದೆ. ಒಂದನ್ನು 'ಕಲೆ' ಎಂದೂ ಇನ್ನೊಂದನ್ನು 'ಕೆಲಸ' ಎಂದೂ ಜನ ಬೇರೆ ಮಾಡುತ್ತಾರೆ. ತರಗತಿಯಲ್ಲಿ ನಿಂತು ನೋಡಿದರೆ ಎರಡೂ ಕಲಿಸುವುದು ಕಣ್ಣಿನ ಅಳತೆಯನ್ನೇ.

ಗ್ರೇಡ್ ಪರೀಕ್ಷೆಗೆ ತಯಾರಾಗುವ ಮಕ್ಕಳು ಮೊದಲು ಕಷ್ಟಪಡುವುದು ವಸ್ತುಚಿತ್ರದಲ್ಲಿ. ಸ್ಟೂಲಿನ ಮೇಲೆ ಒಂದು ಬಿಂದಿಗೆ ಇಟ್ಟು ಬಿಡಿಸಲು ಹೇಳಿದರೆ, ಬಿಂದಿಗೆಯ ಬಾಯಿ ದುಂಡಗಿದೆ ಎಂದು ಗೊತ್ತಿರುವ ಮಗು ದುಂಡಗೇ ಬಿಡಿಸುತ್ತದೆ, ತಳ ನೆಲಕ್ಕೆ ಕೂತಿದೆ ಎಂದು ಗೊತ್ತಿರುವುದರಿಂದ ತಳಕ್ಕೆ ಸ್ಕೇಲಿಟ್ಟಂತೆ ನೇರ ಗೆರೆ ಎಳೆಯುತ್ತದೆ. ಕುಳಿತ ಜಾಗದಿಂದ ಕಾಣುವ ಬಾಯಿ ಮೊಟ್ಟೆಯಂತೆ ಚಪ್ಪಟೆ. ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಗಿಂತ ಹೆಚ್ಚು. ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಬಿಡಿಸುವ ಈ ಒಂದು ಪಾಠಕ್ಕೆ ಎರಡು ತಿಂಗಳಾದರೂ ಬೇಕು. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಎತ್ತರವನ್ನೂ ಅಗಲವನ್ನೂ ಅಳೆಯುವ ಅಭ್ಯಾಸ ಬಂದ ಮೇಲೆ ಮಗುವಿನ ವಿಜ್ಞಾನದ ಚಿತ್ರಗಳೂ ತಾವಾಗಿ ಸುಧಾರಿಸುವುದನ್ನು ನಾನು ಕಂಡಿದ್ದೇನೆ.

ಹೊಲಿಗೆಯಲ್ಲಿ ಇದೇ ಪಾಠ ಬೇರೆ ದಾರಿಯಲ್ಲಿ ಬರುತ್ತದೆ. ಮೊದಲ ವಾರ ನೂಲಿಲ್ಲದ ಮಷಿನನ್ನು ತುಳಿಯುವುದು, ಆಮೇಲೆ ಗೆರೆ ಎಳೆದ ಕಾಗದದ ಮೇಲೆ ಸೂಜಿ ಓಡಿಸುವುದು. ಬಟ್ಟೆಗೆ ಬಂದಾಗ ಹೊಲಿಗೆ ಸುಕ್ಕುಗಟ್ಟಿದರೆ ಬಟ್ಟೆಯನ್ನು ಎಳೆದು ಸರಿಮಾಡಲು ಮಕ್ಕಳು ಹೋಗುತ್ತಾರೆ. ತಪ್ಪು ಬಟ್ಟೆಯದಲ್ಲ, ಮೇಲಿನ ನೂಲಿನ ಬಿಗಿಯದು. ಕೆಳಗಡೆ ನೂಲು ಗಂಟುಗಂಟಾಗಿ ಬಂದಾಗಲೂ ಬಹಳಷ್ಟು ಸಲ ಮೇಲಿನ ನೂಲು ಪೋಣಿಸಿದ್ದು ತಪ್ಪಿರುತ್ತದೆ. ಕಾಣುವ ತಪ್ಪು ಒಂದು ಕಡೆ, ಅದರ ಕಾರಣ ಇನ್ನೊಂದು ಕಡೆ ಎಂಬುದನ್ನು ಇಷ್ಟು ಬೇಗ ಮನವರಿಕೆ ಮಾಡಿಸುವ ಶಾಲಾ ವಿಷಯ ನನಗೆ ಬೇರೆ ಗೊತ್ತಿಲ್ಲ.

ವ್ಯತ್ಯಾಸ ಇರುವುದು ಫಲದಲ್ಲಿ. ಹೊಲಿಗೆ ಕಲಿತ ಮಗು ವರ್ಷದ ಕೊನೆಗೆ ದಿಂಬಿನ ಕವರನ್ನೋ ಲಂಗವನ್ನೋ ಮನೆಗೆ ತರುತ್ತದೆ. ಅದು ಸರಿಯಾಗಿದೆಯೇ ಇಲ್ಲವೇ ಎಂದು ಹೇಳಲು ತೀರ್ಪುಗಾರರು ಬೇಕಿಲ್ಲ, ಹಾಕಿ ನೋಡಿದರೆ ಸಾಕು. ಚಿತ್ರಕಲೆಯಲ್ಲಿ ಆ ಖಚಿತತೆ ಇಲ್ಲ, ಇನ್ನೊಬ್ಬರ ಚಿತ್ರದ ಪಕ್ಕದಲ್ಲಿ ತನ್ನದನ್ನು ಇಟ್ಟುಕೊಂಡು ನೋಯುವ ಮಕ್ಕಳಿಗೆ ಅದು ಭಾರವಾಗಬಹುದು. ಮುಂದಿನ ದಾರಿಯ ದೃಷ್ಟಿಯಿಂದ ಚಿತ್ರಕಲೆಗೆ ಹರವು ಹೆಚ್ಚು: ವಾಸ್ತುಶಿಲ್ಪ, ವಿನ್ಯಾಸ, ಆನಿಮೇಷನ್, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆಯ ಪದವಿ, ಎಲ್ಲಕ್ಕೂ ಕೈ ಪಳಗಿರಬೇಕು. ಹೊಲಿಗೆಯ ದಾರಿ ಕಿರಿದಾದರೂ ಹತ್ತಿರದ್ದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐಯಲ್ಲಿ ಒಂದು ವರ್ಷದ ಹೊಲಿಗೆ ತಂತ್ರಜ್ಞಾನದ ತರಬೇತಿ ಇದೆ, ಮನೆಯಲ್ಲೊಂದು ಮಷಿನಿದ್ದರೆ ಅದಕ್ಕೂ ಮೊದಲೇ ಬೀದಿಯ ಫಾಲ್ಸು, ಜಿಗ್‌ಜ್ಯಾಗು ಬರತೊಡಗುತ್ತವೆ.

ಇಲ್ಲಿ ಒಂದು ಮಾತು ಹೇಳದಿರಲಾರೆ. ಗಂಡುಹುಡುಗರು ಹೊಲಿಗೆಯ ಪಟ್ಟಿಯಲ್ಲಿ ಹೆಸರು ಬರೆಸಿದರೆ ತರಗತಿ ನಗುತ್ತದೆ, ಕೆಲವೊಮ್ಮೆ ಶಿಕ್ಷಕರೂ ನಗುತ್ತಾರೆ. ಆದರೆ ಯಾವುದೇ ಪೇಟೆಯ ಟೈಲರ್ ಅಂಗಡಿಗಳ ಸಾಲಿನಲ್ಲಿ ನಡೆದು ನೋಡಿ, ಕತ್ತರಿ ಹಿಡಿದು ಮೇಜಿನ ಹಿಂದೆ ನಿಂತವರಲ್ಲಿ ಗಂಡಸರೇ ಹೆಚ್ಚು. ದುಡ್ಡು ಬರುವಲ್ಲಿ ಗಂಡಸರ ಕೆಲಸ, ಕಲಿಯುವಲ್ಲಿ ಹೆಣ್ಣುಮಕ್ಕಳ ವಿಷಯ ಎಂಬ ಈ ಹಂಚಿಕೆ ಶಾಲೆಯೊಳಗೆ ಹೇಗೆ ಬಂತೋ! ಆಟೊಮೊಬೈಲ್ ತರಗತಿಯ ಬಾಗಿಲಲ್ಲಿ ಹೆಣ್ಣುಮಕ್ಕಳು ಹಿಂಜರಿದು ನಿಲ್ಲುವುದಕ್ಕೂ ಇದೇ ಹಂಚಿಕೆ ಕಾರಣ.

ಸಂಗೀತ, ಯಕ್ಷಗಾನ, ನಾಟಕ

ಸಂಗೀತವನ್ನು ಉಳಿದ ವಿಷಯಗಳಂತೆ ವಾರಕ್ಕೆರಡು ಅವಧಿಯ ಲೆಕ್ಕದಲ್ಲಿ ಹೋಲಿಸುವುದು ತಪ್ಪು. ಶಾಲೆಯ ಅವಧಿಯಲ್ಲಿ ಪಾಠವಾಗುತ್ತದೆ, ಕಲಿಕೆ ನಡೆಯುವುದು ಮನೆಯಲ್ಲಿ ದಿನವೂ ಅರ್ಧ ಗಂಟೆ ಕುಳಿತಾಗ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಸಪ್ತತಾಳದ ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡುವ ಹಂತ ದಾಟಿ ಗೀತೆಗೆ ಬರುವಷ್ಟರಲ್ಲಿ ಅನೇಕ ಮಕ್ಕಳು ಬಿಟ್ಟಿರುತ್ತಾರೆ. ಬೆಳಗಿನ ಟ್ಯೂಷನ್, ಸಂಜೆಯ ಟ್ಯೂಷನ್ ಎರಡೂ ಇರುವ ಮನೆಯಲ್ಲಿ ಆ ಅರ್ಧ ಗಂಟೆ ಎಲ್ಲಿಂದ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಗಂಡುಹುಡುಗರ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ ದನಿ ಒಡೆಯುತ್ತದೆ. ಅಲ್ಲಿಯವರೆಗೆ ಐದು ಮನೆಯ ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಹಾಡುತ್ತಿದ್ದ ಹುಡುಗನಿಗೆ ಒಮ್ಮೆಲೇ ತಾರಸ್ಥಾಯಿ ಕೈಕೊಡುತ್ತದೆ. ಇದು ಕೊರತೆಯಲ್ಲ, ವಯಸ್ಸು. ಆದರೆ ಸರಿಯಾಗಿ ಆ ವರ್ಷವೇ ಗಾಯನವನ್ನು ಐಚ್ಛಿಕವಾಗಿ ಹಿಡಿದು ಪರೀಕ್ಷೆಗೆ ಕೂರಿಸಿದರೆ ಮಗು ತನಗೆ ಸಂಗೀತ ಬರುವುದಿಲ್ಲವೆಂದೇ ತೀರ್ಮಾನಿಸಿಬಿಡಬಹುದು. ಶ್ರುತಿ ಇಳಿಸಿ ಹಾಡಿಸುವ ತಾಳ್ಮೆ ಗುರುಗಳಿಗೆ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಆ ಒಂದೆರಡು ವರ್ಷ ಮೃದಂಗ, ತಬಲ ಅಥವಾ ಕೊಳಲು ಮೇಲು.

ಕರಾವಳಿಯ ಶಾಲೆಗಳಲ್ಲಿ ಓದುವವರಿಗೆ ಬೇರೆಲ್ಲೂ ಸಿಗದ ಇನ್ನೊಂದು ಆಯ್ಕೆಯಿದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತದೆ, ಕಲಿತ ಮಕ್ಕಳು ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ವೇಷ ಕಟ್ಟಿ ಪೂರ್ಣ ಪ್ರಸಂಗ ಆಡುತ್ತಾರೆ. ಇದರಿಂದ ಅಂಕಪಟ್ಟಿಗೆ ಏನೂ ಬರುವುದಿಲ್ಲ. ತಾಳ, ಹೆಜ್ಜೆ, ಮಾತು ಮೂರನ್ನೂ ಒಟ್ಟಿಗೆ ನಿಭಾಯಿಸುವುದು ಮಾತ್ರ ಬರುತ್ತದೆ, ಇಂಗ್ಲಿಷ್ ಪದ ಒಂದೂ ಸೇರದಂತೆ ಹತ್ತು ನಿಮಿಷ ಕನ್ನಡ ಮಾತಾಡುವ ಧೈರ್ಯವೂ ಬರುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಮಗುವಿಗೆ ಭಾಷಣ ಸ್ಪರ್ಧೆಗಿಂತ ವೇಷದ ಮರೆ ಸುಲಭ. ಬಯಲುಸೀಮೆಯ ಶಾಲೆಗಳಲ್ಲಿ ಈ ಜಾಗವನ್ನು ನಾಟಕ ತುಂಬಬಲ್ಲದು, ಕಲಿಸುವವರು ಸಿಕ್ಕರೆ.

ಕಂಪ್ಯೂಟರ್

ಹತ್ತರಲ್ಲಿ ಎಂಟು ಪೋಷಕರು ಕಣ್ಣುಮುಚ್ಚಿ ಬರೆಸುವ ವಿಷಯ ಇದು. ಬೇಡವೆನ್ನುವುದಿಲ್ಲ. ಕಡತ ಬರೆಯುವುದು, ಲೆಕ್ಕದ ಹಾಳೆಯಲ್ಲಿ ಮೊತ್ತ ಹಾಕುವುದು, ದತ್ತಾಂಶವನ್ನು ಕೋಷ್ಟಕದಲ್ಲಿ ಜೋಡಿಸುವುದು ಯಾರಿಗೆ ಬೇಡ? ಸಿಬಿಎಸ್‌ಇಯ ಪಠ್ಯ ಇದನ್ನೆಲ್ಲ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಎಂಬ ತಂತ್ರಾಂಶದಲ್ಲಿ ಕಲಿಸುವುದರಿಂದ ಮನೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದ್ದರೂ ಅಭ್ಯಾಸ ಸಾಧ್ಯ. ತೊಂದರೆ ಇರುವುದು ಪಠ್ಯದಲ್ಲಲ್ಲ, ಪ್ರಯೋಗಾಲಯದಲ್ಲಿ.

ನನ್ನ ತಂಗಿಯ ಮಗಳು ಓದಿದ ಶಾಲೆಯೊಂದರಲ್ಲಿ ಒಂದು ಪರದೆಯ ಮುಂದೆ ಐವರು ಕೂರುತ್ತಿದ್ದರು. ಮೌಸ್ ಹಿಡಿಯುತ್ತಿದ್ದವನು ಯಾವಾಗಲೂ ಒಬ್ಬನೇ, ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದ ಹುಡುಗ. ಉಳಿದವರು ಅವನ ಹೆಗಲ ಮೇಲಿಂದ ನೋಡಿ ಮೆಟ್ಟಿಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ನೂರಕ್ಕೆ ತೊಂಬತ್ತನಾಲ್ಕು. ಪಿಯುಸಿ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬುವಾಗ ಫೋಟೊ ಚಿಕ್ಕದು ಮಾಡಲು ಬಾರದೆ ಸೈಬರ್ ಕೆಫೆಗೆ ಹೋದಳು. ಆ ತೊಂಬತ್ತನಾಲ್ಕನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದು ಬಂದದ್ದು ನೆನಪಿನ ಶಕ್ತಿಗೆ.

ಆದ್ದರಿಂದ ಕಂಪ್ಯೂಟರ್ ವಿಷಯವನ್ನು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಯಂತ್ರಕ್ಕೆ ಎಷ್ಟು ಮಕ್ಕಳು? ಇಬ್ಬರಾದರೆ ಸರಿ. ಮೂವರಿಗಿಂತ ಹೆಚ್ಚಾದರೆ, ಮನೆಯಲ್ಲೂ ಕಂಪ್ಯೂಟರ್ ಇಲ್ಲದಿದ್ದರೆ, ಅದು ಪ್ರಾಯೋಗಿಕ ವಿಷಯವಲ್ಲ, ಇನ್ನೊಂದು ಬರವಣಿಗೆಯ ವಿಷಯ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯ (ಮಕ್ಕಳು ತಾವೇ ಯಂತ್ರಗಳನ್ನು ಕಟ್ಟಿ ನೋಡಲೆಂದು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕೊಡುವ ಕೋಣೆ) ಇದ್ದರೆ ಅದರ ಬೀಗದ ಕೈ ಯಾರ ಬಳಿ ಇರುತ್ತದೆ, ವಾರಕ್ಕೆ ಎಷ್ಟು ದಿನ ಬಾಗಿಲು ತೆರೆಯುತ್ತದೆ ಎಂದೂ ಕೇಳಿ. ಈ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಬರುತ್ತದೆ. ತೋರಿಸುವ ದಿನ ಮಾತ್ರ ತೆರೆಯುವ ಕಡೆಗಳಲ್ಲಿ ತ್ರೀಡಿ ಮುದ್ರಕದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇರುತ್ತದೆ.

ಆಟೊಮೊಬೈಲ್, ಎಲೆಕ್ಟ್ರಾನಿಕ್ಸ್, ಉಳಿದವು

ಬಿಚ್ಚಿ ನೋಡುವ ಗುಣವಿರುವ ಮಗುವಿಗೆ ಇವೆರಡರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತೇನೆ, ಏಕೆಂದರೆ ಅದರ ಸಾಮಾನು ಅಗ್ಗ. ಒಂದು ಮಲ್ಟಿಮೀಟರ್, ಒಂದು ಸಾಲ್ಡರಿಂಗ್ ಕಡ್ಡಿ, ಹಾಳಾದ ಚಾರ್ಜರುಗಳು ಇದ್ದರೆ ಪ್ರತಿ ಮಗುವಿಗೂ ಕೆಲಸ ಸಿಗುತ್ತದೆ. ಆಟೊಮೊಬೈಲಿನಲ್ಲಿ ಒಂದು ಎಂಜಿನ್ ಸುತ್ತ ನಲವತ್ತು ಮಕ್ಕಳು ನಿಲ್ಲಬೇಕಾಗುತ್ತದೆ. ಶಾಲೆಯ ಪಕ್ಕದ ಗ್ಯಾರೇಜಿಗೆ ಮಕ್ಕಳನ್ನು ನಿಯಮಿತವಾಗಿ ಕರೆದೊಯ್ಯುವ ವ್ಯವಸ್ಥೆ ಇದ್ದರೆ ಮಾತು ಬೇರೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಮಸಿ ಒರೆಸಿ, ಸಂದಿಯ ಅಳತೆ ನೋಡಿ ಮತ್ತೆ ಹಾಕುವುದನ್ನು ಅಲ್ಲಿ ಒಂದೇ ದಿನದಲ್ಲಿ ಕಲಿಯಬಹುದು. ವಾಹನ ಓಡಿಸುವುದನ್ನು ಕಲಿಸುತ್ತಾರೆಂದು ಈ ವಿಷಯಕ್ಕೆ ಸೇರುವ ಹುಡುಗರಿಗೆ, 18 ತುಂಬುವವರೆಗೆ ಗೇರಿನ ಬೈಕು ಮುಟ್ಟುವಂತಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡುವುದು ಮೇಲು. ಎರಡರಿಂದಲೂ ಮುಂದೆ ಐಟಿಐ ಮತ್ತು ಪಾಲಿಟೆಕ್ನಿಕ್ ದಾರಿಗಳಿವೆ, ಆದರೆ ಆ ದಾರಿಗೆ ಶಾಲೆಯ ಈ ವಿಷಯ ಕಡ್ಡಾಯವಲ್ಲ; ಇಲ್ಲಿ ಸಿಗುವುದು ಸೀಟಲ್ಲ, ರುಚಿ. ಪಿಯುಸಿಯಲ್ಲೂ ಆಟೊಮೊಬೈಲ್, ಆರೋಗ್ಯ ಸೇವೆ, ಮಾಹಿತಿ ತಂತ್ರಜ್ಞಾನಗಳಂಥ ವಿಷಯಗಳನ್ನು ಮುಂದುವರಿಸುವ ಕಾಲೇಜುಗಳು ಕೆಲವಿವೆ. ನಿಮ್ಮ ತಾಲೂಕಿನಲ್ಲಿ ಇವೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ರಿಟೇಲ್ ಬಗ್ಗೆ ನನಗೆ ಉತ್ಸಾಹ ಕಡಿಮೆ. ಅಂಗಡಿ ಇಲ್ಲದೆ ಅಂಗಡಿಯ ಪಾಠ ಹೇಳುವುದು, ನೀರಿಲ್ಲದೆ ಈಜು ಕಲಿಸಿದಂತೆ. ಆರೋಗ್ಯ ಸೇವೆಗೆ ಹತ್ತಿರದ ಆಸ್ಪತ್ರೆಯ ಸಹಕಾರ ಬೇಕು. ಅದಿದ್ದರೆ ಗಾಯಕ್ಕೆ ಪಟ್ಟಿ ಕಟ್ಟುವುದು, ನಾಡಿ ಎಣಿಸುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು ಯಾವ ಮನೆಗೂ ಉಪಯೋಗಕ್ಕೆ ಬರುವ ವಿದ್ಯೆಗಳು.

ಶಾಲೆಯ ಕೈತೋಟವನ್ನು ಆರಿಸಿಕೊಳ್ಳುವ ಅವಕಾಶ ಎಲ್ಲಿದ್ದರೂ ಒಂದು ವಿಷಯ ನೋಡಬೇಕು: ಶಾಲೆಯ ಪಂಚಾಂಗಕ್ಕೂ ಬೆಳೆಯ ಪಂಚಾಂಗಕ್ಕೂ ಹೊಂದಿಕೆ ಇದೆಯೇ ಎಂದು. ಒಂದು ತಿಂಗಳಿಗೆ ಬರುವ ಹರಿವೆ, ಒಂದೂವರೆ ತಿಂಗಳ ಮೂಲಂಗಿ, ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ ಮೊದಲ ಕೊಯ್ಲಿಗೆ ಬರುವ ಬೆಂಡೆ ಹಾಕುವ ಶಿಕ್ಷಕರು ದಸರಾ ರಜೆಗೆ ಮುನ್ನ ಮಕ್ಕಳ ಕೈಗೆ ಫಸಲು ಕೊಡುತ್ತಾರೆ, ಬಿಸಿಯೂಟದ ಸಾರಿಗೆ ಸೊಪ್ಪು ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಕುವವರು ಯಾರು ಎಂದು ಯೋಚಿಸದೆ ಹಣ್ಣಿನ ಗಿಡ ನೆಡಿಸಿದ ಕಡೆ ಜೂನಿನಲ್ಲಿ ಒಣಗಿದ ಕಡ್ಡಿಗಳ ಸಾಲು ಕಾಣುತ್ತದೆ.

ನಿರ್ಧರಿಸುವ ಮುನ್ನ ಒಂದು ಭೇಟಿ

ಶಾಲೆಗೆ ಹೋದಾಗ ಫಲಿತಾಂಶದ ಫಲಕ ನೋಡುವುದರ ಜೊತೆಗೆ ಕಳೆದ ವರ್ಷದ ಮಕ್ಕಳ ಕೆಲಸ ತೋರಿಸಿ ಎಂದು ಕೇಳಿ. ಚೆಂದದ ನಾಲ್ಕು ಚಿತ್ರ ಗೋಡೆಯ ಮೇಲಿರುವುದು ಮುಖ್ಯವಲ್ಲ. ಸಾಧಾರಣ ಮಗುವೊಂದರ ಜೂನ್ ತಿಂಗಳ ಹಾಳೆ ಮತ್ತು ಫೆಬ್ರುವರಿಯ ಹಾಳೆ ಎರಡನ್ನೂ ಪಕ್ಕಪಕ್ಕ ನೋಡಲು ಸಿಕ್ಕರೆ ಆ ತರಗತಿ ಏನು ಕಲಿಸುತ್ತದೆಂದು ತಿಳಿಯುತ್ತದೆ. ಕಲಿಸುವವರು ಪೂರ್ಣಾವಧಿಯವರೋ, ಅತಿಥಿ ಶಿಕ್ಷಕರೋ, ಕಳೆದ ವರ್ಷವೂ ಇವರೇ ಇದ್ದರೋ ಎಂಬುದೂ ತಿಳಿಯಬೇಕು, ಏಕೆಂದರೆ ಒಂಬತ್ತರಲ್ಲಿ ಹಿಡಿದ ವಿಷಯವನ್ನು ಹತ್ತರಲ್ಲಿಯೂ ಮುಂದುವರಿಸಬೇಕಾಗುತ್ತದೆ, ನಡುವೆ ಶಿಕ್ಷಕರಿಲ್ಲದೆ ಹೋದರೆ ಉಳಿಯುವುದು ಪಠ್ಯಪುಸ್ತಕವೊಂದೇ. ವೇಳಾಪಟ್ಟಿಯಲ್ಲಿ ಆ ವಿಷಯಕ್ಕೆ ಎರಡು ಅವಧಿಗಳು ಒಟ್ಟಿಗೆ ಇವೆಯೇ ಎಂದೂ ನೋಡಿ. ನಲವತ್ತು ನಿಮಿಷದ ಒಂಟಿ ಅವಧಿಯಲ್ಲಿ ಬಣ್ಣ ಕಲಸಿ, ಬಿಡಿಸಿ, ಬ್ರಷ್ ತೊಳೆದಿಡುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಮಗುವಿನ ಕಡೆಯಿಂದ ನೋಡಬೇಕಾದದ್ದು ಇಷ್ಟೇ: ಕೆಟ್ಟುಹೋದದ್ದನ್ನು ಬೈಸಿಕೊಳ್ಳದೆಯೂ ಮತ್ತೆ ಮಾಡಲು ಯಾವುದರಲ್ಲಿ ಕೂರುತ್ತದೆ? ರಜೆಯಲ್ಲಿ ಒಂದು ವಾರ ಎರಡು ಮೂರು ಬಗೆಯ ಕೆಲಸ ಕೊಟ್ಟು ಗಮನಿಸಿದರೆ ಉತ್ತರ ಸಿಗುತ್ತದೆ. ಗುಂಡಿ ಹೊಲಿಯಲು ಕೊಡಿ, ಹಳೆಯ ರೇಡಿಯೊ ಬಿಚ್ಚಲು ಕೊಡಿ, ಅಡುಗೆಮನೆಯ ಹೂಜಿಯನ್ನು ಬಿಡಿಸಲು ಹೇಳಿ.

ಇಷ್ಟು ಮಾಡಿಯೂ ಆಯ್ಕೆ ತಪ್ಪಾಗಬಹುದು. ಆಗ ಹೆಚ್ಚು ಕಾಯಬೇಡಿ. ಒಂಬತ್ತನೆಯ ತರಗತಿಯ ಮೊದಲ ತಿಂಗಳಲ್ಲಿ ಮುಖ್ಯೋಪಾಧ್ಯಾಯರಿಗೆ ಒಂದು ಮನವಿ ಬರೆದುಕೊಟ್ಟರೆ ವಿಷಯ ಬದಲಿಸುವುದು ಕಷ್ಟವಲ್ಲ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ನೋಂದಣಿ ಮಂಡಳಿಗೆ ಹೋದ ಮೇಲೆ ಅದೇ ಮನವಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಜೂನ್ ತಿಂಗಳ ಕೊನೆಯ ಶನಿವಾರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ವಿಷಯದ ಅವಧಿಯಲ್ಲಿ ಈ ವಾರ ಕೈಯಲ್ಲಿ ಏನು ಹಿಡಿದಿದ್ದೆ ಎಂದು ಕೇಳಿ. ಉತ್ತರ 'ಪೆನ್ನು' ಎಂದು ಬಂದರೆ ಸೋಮವಾರವೇ ಶಾಲೆಗೆ ಹೋಗಿ.